ಹೊಗೆ ನೋಡಿ, ಟ್ಯಾಂಕರ್ ಎಣಿಸಿ

ಕಾರ್ಖಾನೆಗಳ ಪರ್ಚೇಸ್ ವಿಭಾಗಕ್ಕೆ ಹೊಸದಾಗಿ ಸೇರಿದ ಹುಡುಗರು ಆಗೊಮ್ಮೆ ಈಗೊಮ್ಮೆ ನನ್ನನ್ನು ಹುಡುಕಿಕೊಂಡು ಬರುತ್ತಾರೆ. "ಸಾರ್, ಎಣ್ಣೆ ರೇಟು ಏರೋದು ಇಳಿಯೋದು ನಿಮಗೆ ಮೊದಲೇ ಹೇಗೆ ಗೊತ್ತಾಗ್ತಿತ್ತು?" ಎಂದು ಕೇಳುತ್ತಾರೆ. ಗೊತ್ತಾಗುತ್ತಿರಲಿಲ್ಲ. ಗೊತ್ತಿದೆ ಎಂಬ ಮುಖ ಮಾಡಿಕೊಂಡು ಕೂರುವುದು ಆ ಕೆಲಸದಲ್ಲಿ ಅರ್ಧ. ಇನ್ನರ್ಧ, ಯಾರು ಏನು ಹೇಳಿದರೂ ನಂಬದೆ ಇರುವುದು. ಸಂಬಳ ತೆಗೆದುಕೊಂಡು ಅನುಮಾನಪಟ್ಟ ಮನುಷ್ಯ ನಾನು. ಹಾಗೆ ಪಟ್ಟ ಅನುಮಾನಗಳಲ್ಲಿ ಎಷ್ಟೋ ಸರಿಯಾದವು, ಕಾರ್ಖಾನೆಗೆ ಒಳ್ಳೆಯದೂ ಆಯಿತು. ಅವನ್ನು ಹೇಳಿಕೊಂಡು ಬೀಗುವ ವಯಸ್ಸು ದಾಟಿದೆ. ಒಂದು ಅನುಮಾನ ಮಾತ್ರ ನನ್ನ ಜೊತೆಗೇ ನಿವೃತ್ತಿಯಾಗಿ ಮನೆಗೆ ಬಂದಿದೆ. ಈ ಕೆಲಸಕ್ಕೆ ಹೊಸದಾಗಿ ಬರುವವರು ಅದನ್ನು ತಿಳಿದುಕೊಳ್ಳಲಿ ಎಂದು ಬರೆಯುತ್ತಿದ್ದೇನೆ.

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಫೋರ್ಜಿಂಗ್ ಕಾರ್ಖಾನೆ. ಉಕ್ಕಿನ ಸರಳನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ, ಆಳೆತ್ತರಕ್ಕೂ ಮಿಗಿಲಾದ ಹ್ಯಾಮರಿನ ಕೆಳಗಿಟ್ಟು ಬಡಿದು, ಲಾರಿ, ಟ್ರ್ಯಾಕ್ಟರುಗಳ ಬಿಡಿಭಾಗ ಮಾಡುತ್ತಿದ್ದೆವು. ಒಲೆ ಉರಿಯಲು ಬೇಕಾದದ್ದು ಫರ್ನೇಸ್ ಆಯಿಲ್, ಡಾಂಬರಿನ ತಮ್ಮನಂತಿರುವ ಕಪ್ಪು ಎಣ್ಣೆ. ಅದನ್ನು ಕೊಂಡು ತರಿಸುವುದು ನನ್ನ ಕೆಲಸ. ಮೊದಮೊದಲು ದರ ಸರ್ಕಾರದ್ದು. ಅವರು ಹೇಳಿದ್ದನ್ನು ಕೊಟ್ಟು, ಘಟ್ಟ ಹತ್ತಿ ಬರುವ ಟ್ಯಾಂಕರ್ ಕಾಯುತ್ತಾ ಕೂತರಾಯಿತು.

ನನಗೆ ಅನುಮಾನ ಕಲಿಸಿದವರು ನಮ್ಮ ಜನರಲ್ ಮ್ಯಾನೇಜರ್ ವೆಂಕಟೇಶಮೂರ್ತಿಗಳು. ಬೆಳಿಗ್ಗೆ ಪೇಪರ್ ಬಂದ ಕೂಡಲೇ ಕೆಂಪು ಪೆನ್ನು ಹಿಡಿದು ಕೂರುವ ಮನುಷ್ಯ. ತೊಂಬತ್ತರಲ್ಲಿ ಇರಾಕ್ ಕುವೈತಿನ ಮೇಲೆ ನುಗ್ಗಿತಲ್ಲ, ಆಗ ಭದ್ರಾವತಿಯ ಬಂಕುಗಳ ಮುಂದೆ ಡೀಸೆಲ್ ಕ್ಯಾನುಗಳ ಸಾಲು ನಿಂತಿತ್ತು. ನಮ್ಮ ಟ್ಯಾಂಕರ್ ವಾರವಾದರೂ ಪತ್ತೆಯಿಲ್ಲ. ಮೂರ್ತಿಗಳು ನನ್ನನ್ನು ಒಳಗೆ ಕರೆದು, "ಏನಯ್ಯಾ ನಾಗರಾಜ, ಈ ಎಣ್ಣೆ ದೇಶದವರು ಒಂದು ಕೂಟ ಮಾಡ್ಕೊಂಡಿದಾರಲ್ಲ, ಅವರು ರೇಟನ್ನ ಹೇಗೆ ಏರಿಸ್ತಾರೆ ಗೊತ್ತಾ?" ಎಂದರು.

"ಎಲ್ಲರೂ ಕೂತು ಇಷ್ಟು ಅಂತ ಫಿಕ್ಸ್ ಮಾಡ್ತಾರೆ ಸಾರ್."

"ಮಣ್ಣು. ರೇಟನ್ನ ಬೋರ್ಡ್ ಮೇಲೆ ಬರೆದರೆ ಯಾರು ಕೊಡ್ತಾರೆ? ಅವರು ಫಿಕ್ಸ್ ಮಾಡೋದು ಎಷ್ಟು ಎತ್ತಬೇಕು ಅನ್ನೋದನ್ನ. ನೀನಿಷ್ಟು, ನಾನಿಷ್ಟು, ಮಿಕ್ಕಿದ್ದು ನೆಲದೊಳಗೇ ಬಿದ್ದಿರಲಿ ಅಂತ ಕೋಟಾ ಹಾಕ್ಕೊಳ್ತಾರೆ. ಮಾರ್ಕೆಟ್‌ಗೆ ಮಾಲು ಕಮ್ಮಿ ಬಂದ್ರೆ ರೇಟು ತಾನಾಗೇ ಏರುತ್ತೆ."

"ಒಳ್ಳೇದೇ ಅಲ್ವಾ ಸಾರ್ ಅವರಿಗೆ."

"ತೊಡಕು ಇರೋದೇ ಅಲ್ಲಿ. ಮಿಕ್ಕವರೆಲ್ಲ ನಿಯತ್ತಾಗಿ ಕಮ್ಮಿ ಎತ್ತಿ ರೇಟು ಏರಿಸಿದಾಗ, ಒಬ್ಬ ಕದ್ದು ಜಾಸ್ತಿ ಎತ್ತಿದ ಅಂದ್ಕೊ. ಅವನಿಗೆ ಹಬ್ಬ. ಇದು ಪ್ರತಿಯೊಬ್ಬನಿಗೂ ಗೊತ್ತು. ಪಾಲಾಗದ ಆಸ್ತಿ ಇಟ್ಕೊಂಡಿರೋ ದಾಯಾದಿಗಳು ಕಣಯ್ಯಾ ಅವರು. ಮೀಟಿಂಗಲ್ಲಿ ತಬ್ಬಿಕೊಳ್ತಾರೆ, ಊರಿಗೆ ಹೋಗಿ ನಲ್ಲಿ ತಿರುಗಿಸ್ತಾರೆ."

ಯಾವ ದೇಶ ತಾನು ಎಷ್ಟು ಎತ್ತಿದೆ ಎಂದು ಹೇಳಿದರೂ ಇನ್ನೊಂದು ದೇಶ ನಂಬುವುದಿಲ್ಲ ಎಂಬುದು ಅವರಿಂದಲೇ ನನಗೆ ತಿಳಿದದ್ದು. ಅದಕ್ಕಾಗಿ ಹೊರಗಿನವರ ಲೆಕ್ಕ ಬೇಕಂತೆ. ಬಂದರಿನ ದಡದಲ್ಲಿ ಕೂತು ಹಡಗು ಎಣಿಸುವವರಿದ್ದಾರಂತೆ. ಹಡಗು ನೀರಿನಲ್ಲಿ ಎಷ್ಟು ಮುಳುಗಿದೆ ಎಂದು ನೋಡಿ ಒಳಗೆಷ್ಟು ಎಣ್ಣೆಯಿದೆ ಎಂದು ಹೇಳಿಬಿಡುತ್ತಾರಂತೆ. ಕೂಟದಲ್ಲಿ ಎಲ್ಲರಿಗಿಂತ ದೊಡ್ಡದು ಸೌದಿ. ಮಿಕ್ಕವರು ಕೋಟಾ ಮೀರಿ ಮೀರಿ ಅದರ ತಾಳ್ಮೆ ಕೆಟ್ಟರೆ, ತನ್ನ ನಲ್ಲಿಯನ್ನೇ ಪೂರ್ತಿ ತೆಗೆದು, ದರ ಪಾತಾಳಕ್ಕಿಳಿಸಿ ಎಲ್ಲರಿಗೂ ಬುದ್ಧಿ ಕಲಿಸುತ್ತದೆ. ಎಂಬತ್ತರ ದಶಕದಲ್ಲಿ ಒಮ್ಮೆ ಹಾಗೆ ಮಾಡಿತ್ತು. ಅಷ್ಟು ಹೇಳಿ ಮೂರ್ತಿಗಳು ಪೇಪರಿನಲ್ಲಿ ಒಂದು ಸಾಲಿಗೆ ಕೆಂಪು ಗೆರೆ ಎಳೆದು ನನ್ನತ್ತ ತಿರುಗಿಸಿದರು. ಇರಾಕ್ ಹೊರಿಸಿದ್ದ ದೂರುಗಳಲ್ಲಿ, ಕುವೈತ್ ಕೋಟಾ ಮೀರಿ ಎಣ್ಣೆ ಎತ್ತುತ್ತಿದೆ ಎಂಬುದೂ ಒಂದಾಗಿತ್ತು.

"ನೋಡಿದ್ಯಾ? ನೀನು ಜಾಸ್ತಿ ಎತ್ತಿದೆ ಅನ್ನೋ ಮಾತು ಎಲ್ಲಿಗೆ ಹೋಗಿ ನಿಂತಿದೆ" ಎಂದರು. ನಾನು ಹೌದು ಸಾರ್ ಎಂದೆ. ಅವರ ಮಾತಿನಲ್ಲಿ ಉಳಿದದ್ದೆಲ್ಲ ನೆನಪಿಟ್ಟುಕೊಂಡೆ, ಇದನ್ನೊಂದು ಬಿಟ್ಟು.

ತೊಂಬತ್ತರ ದಶಕದ ಕೊನೆಯಲ್ಲಿ ಸರ್ಕಾರ ಫರ್ನೇಸ್ ಆಯಿಲ್ ದರ ಗೊತ್ತುಮಾಡುವುದನ್ನು ಕೈಬಿಟ್ಟಿತು. ಹೊರದೇಶದಲ್ಲಿ ಏರಿದರೆ ಇಲ್ಲಿಯೂ ಏರಬೇಕು. ಮೂರ್ತಿಗಳು ಆಗಲೇ ನಿವೃತ್ತರಾಗಿದ್ದರು. ಅವರ ಕೆಂಪು ಪೆನ್ನು ನನ್ನ ಕೈಗೆ ಬಂತು. ಬೆಳಗ್ಗೆ ರೇಡಿಯೋ, ಮಧ್ಯಾಹ್ನ ಪೇಪರು, ಸಂಜೆ ಎಸ್‌ಟಿಡಿ ಬೂತಿನಿಂದ ಮಂಗಳೂರಿನ ಏಜೆಂಟನಿಗೆ ಫೋನು. ಭದ್ರಾವತಿಯ ಪೇಪರ್ ಮಿಲ್ಲಿನವರ ಕಾಗದನಗರದ ಕ್ವಾರ್ಟರ್ಸಿನಲ್ಲಿ ಬೆಳೆದ, ಹೈಸ್ಕೂಲು ದಾಟಿ ಡಿಗ್ರಿ ಮುಗಿಸುವಷ್ಟರಲ್ಲಿ ಸುಸ್ತಾಗಿದ್ದ ನನಗೆ ಎಣ್ಣೆ ಕೂಟದ ವೆನಿಜುವೆಲಾದ ಮಂತ್ರಿಗಳ ಮನಸ್ಸಿನಲ್ಲಿ ಏನಿದೆ ಎಂಬ ಚಿಂತೆ.

ಆಗೊಮ್ಮೆ ಎಣ್ಣೆ ದರ ನೆಲಕಚ್ಚಿತ್ತು. ಕೂಟದ ದೇಶಗಳು ಎರಡು ಸಲ ಕಡಿತ ಘೋಷಿಸಿದರೂ ದರ ಏಳಲಿಲ್ಲ. ಮಾರ್ಚಿನಲ್ಲಿ ಮೂರನೆಯ ಸಲ ಘೋಷಿಸಿದರು. ಕಾರ್ಖಾನೆಯ ಮಾಲೀಕರಾದ ನಮ್ಮ ಯಜಮಾನರು ನನ್ನನ್ನು ಕರೆದು, "ಟ್ಯಾಂಕ್ ಎಲ್ಲ ತುಂಬಿಸ್ಕೊಳ್ಳೋಣವಾ?" ಎಂದು ಕೇಳಿದರು.

"ಏನೂ ಬೇಡ ಸಾರ್. ಇವರ ಹಣೆಬರಹ ಇಷ್ಟೇ. ಎರಡು ತಿಂಗಳಲ್ಲಿ ಒಬ್ಬೊಬ್ಬನೇ ಬಾಲ ಬಿಚ್ತಾನೆ" ಎಂದು ಬಲ್ಲವನ ಹಾಗೆ ಹೇಳಿದೆ.

ಯಾರೂ ಬಾಲ ಬಿಚ್ಚಲಿಲ್ಲ. ಸದಾ ಕೋಟಾ ಮೀರುತ್ತಿದ್ದ ವೆನಿಜುವೆಲಾವೇ ಸರಿಯಾಗಿ ನಡೆದುಕೊಂಡಿತು. ಕೂಟಕ್ಕೆ ಸೇರದ ದೇಶಗಳೂ ಕೈಜೋಡಿಸಿದವು. ದರ ಏರುತ್ತಲೇ ಹೋಗಿ, ಮುಂದಿನ ಬೇಸಿಗೆಯ ಹೊತ್ತಿಗೆ ನಮ್ಮ ಮೂರು ಒಲೆಗಳಲ್ಲಿ ಒಂದನ್ನು ಆರಿಸಬೇಕಾಯಿತು. ಯಜಮಾನರು ನನ್ನನ್ನು ಬೈಯಲಿಲ್ಲ. ಅದೇ ನನಗೆ ಹೆದರಿಕೆ. ಬೈಯದ ಯಜಮಾನ ತಲೆಯಲ್ಲಿ ಬೇರೇನೋ ಇಟ್ಟುಕೊಂಡಿರುತ್ತಾನೆ.

ಇದ್ದದ್ದೂ ನಿಜ. ಒಂದು ದಿನ ಕರೆದು, "ಅಷ್ಟು ದೇಶದವರು, ಅಷ್ಟು ಭಾಷೆಯವರು ಒಗ್ಗಟ್ಟಾದ್ರಲ್ಲಯ್ಯಾ. ಈ ರಸ್ತೇಲಿ ಇರೋದು ನಾವು ಆರು ಫೋರ್ಜ್. ನಮ್ಮ ಕೈಲಿ ಆಗಲ್ವಾ?" ಎಂದರು.

ಸಂಗತಿ ಹೀಗಿತ್ತು. ಹೊರಗಿನಿಂದ ಬರುವ ಖರೀದಿದಾರರು ನಮ್ಮ ಆರು ಕಾರ್ಖಾನೆಗಳಿಗೂ ಒಂದರ ಬೆನ್ನಿಗೊಂದು ಹೋಗಿ, "ಪಕ್ಕದವರು ಇನ್ನೂ ಕಮ್ಮಿಗೆ ಕೊಡ್ತಾರೆ" ಎಂದು ಎಲ್ಲರ ಕಿವಿಯಲ್ಲೂ ಹುಳ ಬಿಟ್ಟು, ದರ ಇಳಿಸುತ್ತಿದ್ದರು. ಅದಕ್ಕೆ ಯಜಮಾನರು ಶಿವಮೊಗ್ಗದ ಒಂದು ಹೋಟೆಲಿನಲ್ಲಿ ಆರೂ ಕಾರ್ಖಾನೆಯವರನ್ನು ಸೇರಿಸಿದರು. ಉಪ್ಪಿಟ್ಟು, ಕಾಫಿ ಬಂತು. ಅಷ್ಟು ಹೊತ್ತು ಕೂತರೂ ಒಬ್ಬರೂ ಬಚ್ಚಲಿಗೂ ಎದ್ದು ಹೋಗಲಿಲ್ಲ. ಇಬ್ಬರು ಒಟ್ಟಿಗೆ ಎದ್ದರೆ ಉಳಿದ ನಾಲ್ವರಿಗೆ ಅನುಮಾನ, ಒಬ್ಬನೇ ಎದ್ದರೆ ತನ್ನ ಬೆನ್ನ ಹಿಂದೆ ಏನು ಮಾತಾಡುತ್ತಾರೋ ಎಂದು ಅವನಿಗೇ ಅನುಮಾನ. ಕೊನೆಗೆ ಒಪ್ಪಂದವಾಯಿತು. ಬುಧವಾರ, ಗುರುವಾರ ಯಾರೂ ಮಾಲು ಮಾಡಬಾರದು, ಮಾಡಿದ ಮಾಲನ್ನು ಗೊತ್ತುಮಾಡಿದ ದರಕ್ಕಿಂತ ಕಡಿಮೆಗೆ ಕೊಡಬಾರದು. ಇಂಥ ಒಪ್ಪಂದ ಕಾನೂನಿಗೆ ಸರಿಯೇ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಎಲ್ಲರೂ ಒಪ್ಪಿದ ಮೇಲೆ, ಕಾವಲು ಯಾರು ಎಂಬ ಪ್ರಶ್ನೆ ಎದ್ದಿತು. ಯಜಮಾನರು ನನ್ನತ್ತ ಕೈ ತೋರಿಸಿದರು. "ನಮ್ಮ ನಾಗರಾಜನಿಗೆ ಬಿಡಿ. ಅರಬ್ಬರ ಲೆಕ್ಕಾನೇ ಇಟ್ಟೋನು, ನಮ್ಮದು ಯಾವ ಲೆಕ್ಕ."

ಆ ಮೇಜಿನ ಕೊನೆಯಲ್ಲಿ ಕೂತಿದ್ದವನು ಸೆಲ್ವರಾಜ್. ಕಾಗದನಗರದಲ್ಲಿ ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ. ನಮ್ಮಮ್ಮ ಮಾಡಿದ ಹುಳಿ ಅವರ ಮನೆಗೆ, ಅವರಮ್ಮನ ಇಡ್ಲಿ ನಮ್ಮನೆಗೆ ಗೋಡೆಯ ಮೇಲೆಯೇ ಓಡಾಡುತ್ತಿದ್ದವು. ಆರು ಫೋರ್ಜುಗಳಲ್ಲಿ ಎಲ್ಲಕ್ಕಿಂತ ಸಣ್ಣದಕ್ಕೆ ಅವನು ಮ್ಯಾನೇಜರ್. ಒಂದು ಒಲೆ, ಒಂದು ಹ್ಯಾಮರು, ಮೂವತ್ತು ಜನ ಕೆಲಸಗಾರರು. ಮಾಲೀಕರು ಕಾಯಿಲೆ ಬಿದ್ದು ಮನೆ ಸೇರಿದ್ದರಿಂದ ಆ ಮೂವತ್ತು ಮನೆಗಳ ಅನ್ನ ಸೆಲ್ವರಾಜನ ಹೆಗಲ ಮೇಲಿತ್ತು. ಹೊರಗೆ ಬಂದಾಗ ನನ್ನ ಬೆನ್ನು ತಟ್ಟಿ, "ಏನಪ್ಪಾ, ಈಗ ನೀನು ನಮಗೆಲ್ಲ ಸಿಐಡಿ ಆದ್ಯಾ?" ಎಂದು ನಕ್ಕ.

ನಾನು ನಗಲಿಲ್ಲ. ಕೆಲಸ ಎಂದರೆ ಕೆಲಸ. ಯಾರ ಒಲೆ ಎಷ್ಟು ಉರಿಯಿತು ಎಂದು ಅವರವರನ್ನೇ ಕೇಳಿದರೆ ಮೂರು ನಾಮ ಹಾಕುತ್ತಾರೆ ಎಂಬುದು ಮೂರ್ತಿಗಳಿಂದ ನಾನು ಕಲಿತಿದ್ದ ಪಾಠ. ಹಡಗು ಎಣಿಸುವವರು ನೆನಪಾದರು. ಕೈಗಾರಿಕಾ ಪ್ರದೇಶದ ಒಳರಸ್ತೆಯಲ್ಲಿ, ಸೆಲ್ವರಾಜನ ಫೋರ್ಜಿನ ಎದುರಿಗೇ ಪದ್ಮಕ್ಕನ ಟೀ ಅಂಗಡಿ. ಯಾವ ಟ್ಯಾಂಕರ್ ಯಾವ ಗೇಟಿಗೆ ಹೋದರೂ ಅಲ್ಲಿಂದ ಕಾಣುತ್ತಿತ್ತು. ಆರು ಚಿಮಣಿಗಳೂ ಕಾಣುತ್ತಿದ್ದವು. ಒಂದು ನೋಟ್‌ಬುಕ್ ತೆಗೆದುಕೊಂಡು ದಿನವೂ ಅಲ್ಲಿ ಹೋಗಿ ಕೂರಲು ಶುರು ಮಾಡಿದೆ.

ಎರಡು ತಿಂಗಳಾಗುವಷ್ಟರಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು. ವಾರಕ್ಕೆರಡು ದಿನ ಒಲೆ ಆರಿದ್ದರಿಂದ ಐದು ಫೋರ್ಜುಗಳಿಗೆ ಬರುವ ಟ್ಯಾಂಕರ್ ಕಡಿಮೆಯಾಗಿದ್ದವು. ಸೆಲ್ವರಾಜನ ಗೇಟಿಗೆ ಮಾತ್ರ ಅಷ್ಟೇನೂ ಕಡಿಮೆಯಾಗಿರಲಿಲ್ಲ. ಬುಧವಾರ ಅವನ ಚಿಮಣಿ ನೋಡಿದೆ. ತೆಳ್ಳಗೆ ಹೊಗೆ. ಗುರುವಾರವೂ ಹೊಗೆ. ಮುಂದಿನ ವಾರವೂ ಅಷ್ಟೇ. ಎದೆಯಲ್ಲಿ ಚುಳ್ ಎಂದಿತು, ಸುಳ್ಳು ಹೇಳುವುದಿಲ್ಲ. ಆದರೆ ಅದರ ಜೊತೆಗೇ ಒಂದು ಖುಷಿಯೂ ಆಯಿತು. ಅರಬ್ಬರ ವಿಷಯದಲ್ಲಿ ತಪ್ಪಿದ್ದ ನಾನು ಇಲ್ಲಿ ಕಳ್ಳನನ್ನು ಹಿಡಿದಿದ್ದೆ. ಆ ಖುಷಿಯನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಆ ಮೊದಲ ಬುಧವಾರ ನಾನು ನೋಟ್‌ಬುಕ್ಕಿನಲ್ಲಿ ಬರೆಯುತ್ತಿರುವಾಗ ಪದ್ಮಕ್ಕ ಟೀ ತಂದಿಟ್ಟು, "ಇವತ್ತು ನಂಗೆ ಆರಾಮು ಸಾರ್. ಗ್ಲಾಸೆಲ್ಲ ಸುಮ್ನಿದಾವೆ" ಎಂದಿದ್ದಳು. ಎದುರಿನ ಹ್ಯಾಮರು ಬಡಿದರೆ ಅವಳ ಅಂಗಡಿಯ ಹಲಗೆಯ ಮೇಲಿನ ಗ್ಲಾಸುಗಳು ಗಲಗಲ ಎನ್ನುತ್ತಿದ್ದವು. ಒಂದೆರಡು ಸಲ ಬಿದ್ದು ಒಡೆದದ್ದೂ ಇತ್ತು. ನಾನು ಹ್ಞೂಂ ಎಂದು ತಲೆಯೆತ್ತದೆ, ಚಿಮಣಿಯಲ್ಲಿ ಹೊಗೆ ಕಂಡ ಹೊತ್ತನ್ನು ಬರೆದುಕೊಂಡೆ.

ಮುಂದಿನ ಸಭೆಯಲ್ಲಿ ನೋಟ್‌ಬುಕ್ ಓದಿದೆ. ಸೆಲ್ವರಾಜನ ಹೆಸರು ಬಂದಾಗ ತಲೆ ಎತ್ತಲಿಲ್ಲ.

"ನಾವು ಮಾಲು ಮಾಡಿಲ್ಲ ಸಾರ್" ಎಂದ ಅವನು, ಯಜಮಾನರನ್ನೇ ನೋಡುತ್ತಾ.

"ಮತ್ತೆ ಎಣ್ಣೆ ಏನಾಯ್ತು? ಕುಡಿದ್ರಾ?" ಎಂದರು ಯಜಮಾನರು. ಎಲ್ಲರೂ ನಕ್ಕರು.

"ಮಾಲು ಮಾಡಿಲ್ಲ. ಅಷ್ಟೇ ನಾನು ಹೇಳಕ್ಕಾಗೋದು."

"ಹೊಗೆ ಬಂದಿದ್ದು ಹೌದೋ ಅಲ್ವೋ?"

"ಹೌದು."

"ಮುಗೀತಲ್ಲ."

ಸೆಲ್ವರಾಜ ಆಗ ನನ್ನನ್ನು ನೋಡಿದ. ಏನೋ ಕೇಳಲಿ ಎಂದು ಕಾಯುವವನ ಹಾಗೆ ನೋಡಿದ. ನಾನು ನೋಟ್‌ಬುಕ್ ಮುಚ್ಚಿ ಜೇಬಿಗಿಟ್ಟುಕೊಂಡೆ.

ಮರುದಿನವೇ ಯಜಮಾನರು ಆರಿಸಿಟ್ಟಿದ್ದ ಮೂರನೆಯ ಒಲೆ ಹೊತ್ತಿಸಿದರು. ವಾರದ ಏಳೂ ದಿನ ಕೆಲಸ. ದರವನ್ನು ಅಸಲಿಗಿಂತ ಕೆಳಗಿಳಿಸಿದರು. "ಸೌದಿ ಮಾಡಿದ್ದೂ ಇದನ್ನೇ ಅಲ್ವೇನಯ್ಯಾ?" ಎಂದು ನನ್ನನ್ನು ಕೇಳಿದಾಗ ಹೌದು ಸಾರ್ ಎಂದೆ. ಉಳಿದ ನಾಲ್ವರು ಹೆದರಿ ತಾವೂ ದರ ಇಳಿಸಿದರು. ಒಪ್ಪಂದಕ್ಕೆ ಎಳ್ಳುನೀರು ಬಿಟ್ಟಾಯಿತು. ಮೂರು ತಿಂಗಳು ತುಂಬುವ ಮೊದಲೇ ಸೆಲ್ವರಾಜನ ಫೋರ್ಜು ಮುಚ್ಚಿತು. ಮೂವತ್ತು ಜನ ಗೇಟಿನ ಹೊರಗೆ ಎರಡು ದಿನ ಸುಮ್ಮನೆ ಕೂತಿದ್ದು, ಮೂರನೆಯ ದಿನ ಕೂಲಿ ಹುಡುಕಿಕೊಂಡು ಹೋದರು. ಪದ್ಮಕ್ಕ ನನಗೆ ಟೀ ಕೊಡುವುದನ್ನು ನಿಲ್ಲಿಸಲಿಲ್ಲ, ಮಾತು ನಿಲ್ಲಿಸಿದಳು.

ಮುಚ್ಚಿದ ಫೋರ್ಜಿನ ಹ್ಯಾಮರನ್ನು ನಮ್ಮ ಯಜಮಾನರೇ ಕೊಂಡರು. ಒಳಗೆ ಏನೇನಿದೆ ಎಂದು ಪಟ್ಟಿ ಮಾಡಲು ನನ್ನನ್ನು ಕಳಿಸಿದರು. ಅಲ್ಲಿನ ಹಳೆಯ ಮೇಸ್ತ್ರಿ ಬೀಗ ತೆಗೆದುಕೊಟ್ಟ. ಹ್ಯಾಮರನ್ನು ಬರೆದುಕೊಂಡು ಒಲೆಯ ಬಾಯಿಗೆ ಟಾರ್ಚು ಹಿಡಿದೆ. ಒಳಗಿನ, ಬೆಂಕಿ ತಡೆಯುವ ಇಟ್ಟಿಗೆಗಳೆಲ್ಲ ಬಿರುಕು ಬಿಟ್ಟಿದ್ದವು. ಬಿರುಕಿನ ಮೇಲೆ ಮಣ್ಣು ಮೆತ್ತಿ, ಅದು ಬಿರಿದ ಮೇಲೆ ಮತ್ತೆ ಮೆತ್ತಿ, ಗೋಡೆಯೆಲ್ಲ ತೇಪೆಯಾಗಿತ್ತು. ಒಲೆಯ ಛಾವಣಿಯ ಅರ್ಧ ಕಳಚಿ ಕೆಳಗೆ ಬಿದ್ದಿತ್ತು.

"ಇದು ಯಾವಾಗ ಬಿತ್ತು?" ಎಂದು ಕೇಳಿದೆ.

"ಫೋರ್ಜು ಮುಚ್ಚಿ ಒಲೆ ಆರಿಸಿದ ವಾರಕ್ಕೇ ಬಿತ್ತು ಸಾರ್. ತಣ್ಣಗಾದ್ರೆ ಬೀಳುತ್ತೆ ಅಂತ ಗೊತ್ತೇ ಇತ್ತು. ಅದಕ್ಕೇ ಬುಧವಾರ ಗುರುವಾರ ಸಣ್ಣ ಉರಿ ಇಟ್ಕೊಂಡು ಕೂತಿರ್ತಿದ್ವಿ, ಬರೀ ಬಿಸಿ ಇರ್ಲಿ ಅಂತ. ಹೊಸ ಇಟ್ಟಿಗೆ ಹಾಕ್ಸೋ ತನಕ ತಳ್ಳೋಣ ಅಂತಿದ್ರು ಸೆಲ್ವರಾಜ್ ಸಾರು."

"ಆ ಎರಡು ದಿನ ಹ್ಯಾಮರ್ ಓಡಿಸ್ತಿರಲಿಲ್ವಾ?"

"ಒಂದೇಟೂ ಹೊಡೆದಿಲ್ಲ ಸಾರ್. ಎದುರಿಗೇ ಕೂತಿರ್ತಿದ್ರಲ್ಲ ನೀವು."

ಪದ್ಮಕ್ಕನ ಗ್ಲಾಸುಗಳು ನನಗೆ ನೆನಪಾದದ್ದು ಆಗ. ಒಲೆಗಳ ನಡುವೆ ಅಷ್ಟು ವರ್ಷ ಕಳೆದವನು ನಾನು. ಹಳೆಯ ಒಲೆಯನ್ನು ಆರಿಸಿ ಹೊತ್ತಿಸಿ ಮಾಡಿದರೆ ಇಟ್ಟಿಗೆ ಬಿರಿಯುತ್ತದೆ ಎಂದು ನಮ್ಮ ಕ್ಯಾಂಟೀನಿನವನಿಗೂ ಗೊತ್ತಿತ್ತು. ಒಳಗೆ ಹೋಗುವ ಎಣ್ಣೆ ಎಣಿಸಿದೆನೇ ಹೊರತು, ಹೊರಗೆ ಬರುವ ಮಾಲು ಎಲ್ಲಿ ಎಂದು ಒಂದು ದಿನವೂ ನೋಡಲಿಲ್ಲ. ಕಳ್ಳ ಬೇಕಾಗಿತ್ತು ನನಗೆ, ಸಿಕ್ಕಿದ.

ಯಜಮಾನರ ಬಳಿ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ಒರೆಸಿಕೊಳ್ಳುತ್ತಾ, "ಹೌದಾ" ಎಂದರು. ಕನ್ನಡಕ ಹಾಕಿಕೊಂಡು, "ಹ್ಯಾಮರ್ ಕಂಡೀಷನ್ ಚೆನ್ನಾಗಿದೆ ತಾನೇ?" ಎಂದರು. ಅವರಿಗೆ ಮೊದಲೇ ಗೊತ್ತಿತ್ತೇ? ಆ ಹ್ಯಾಮರಿಗಾಗಿಯೇ ಅಷ್ಟೆಲ್ಲ ನಡೆಯಿತೇ? ಎಷ್ಟು ಸಲ ಕೆದಕಿದರೂ ನನಗೆ ಉತ್ತರ ಸಿಕ್ಕಿಲ್ಲ. ಅವರು ಈಗ ಇಲ್ಲ.

ಅಲ್ಲಿಂದ ಮುಂದೆಯೂ ಅದೇ ಕಾರ್ಖಾನೆಯಲ್ಲಿ ಸಂಬಳ ತೆಗೆದುಕೊಂಡೆ ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ಎಸ್‌ಟಿಡಿ ಬೂತು ಹೋಗಿ ಫ್ಯಾಕ್ಸ್ ಬಂತು. ಶಿವಮೊಗ್ಗದ ದುರ್ಗಿಗುಡಿಯ ಇಂಟರ್‌ನೆಟ್ ಸೆಂಟರಿನಲ್ಲಿ ಕೂತು ಆ ದಿನದ ದರ ನೋಡುವುದು ಕಲಿತೆ. ಎಣ್ಣೆ ದೇಶಗಳವರು ಮತ್ತೆ ಮತ್ತೆ ಸೇರಿದರು, ಕೋಟಾ ಹಾಕಿಕೊಂಡರು, ಮೀರಿದರು. ಪ್ರತಿ ಸಲ ಪೇಪರಿನಲ್ಲಿ ಯಾವುದೋ ದೇಶ ಹೆಚ್ಚು ಎತ್ತುತ್ತಿದೆ ಎಂಬ ಸುದ್ದಿ ಬಂದಾಗ, ಅದರ ಒಲೆಯೂ ಎಲ್ಲಿ ಬಿರುಕು ಬಿಟ್ಟಿದೆಯೋ ಎಂದುಕೊಳ್ಳುತ್ತಿದ್ದೆ. ಕೆಂಪು ಪೆನ್ನು ಎತ್ತಲು ಕೈ ಬರುತ್ತಿರಲಿಲ್ಲ.

ಸೆಲ್ವರಾಜ್ ಸಿಕ್ಕಿದ್ದು ನಾನು ನಿವೃತ್ತನಾದ ಮೇಲೆ, ಭದ್ರಾವತಿ ನ್ಯೂಟೌನಿನ ಪೆಟ್ರೋಲ್ ಬಂಕಿನಲ್ಲಿ. ಸ್ಕೂಟರ್ ನಿಲ್ಲಿಸಿ ತಲೆಯೆತ್ತಿದರೆ ಪೈಪ್ ಹಿಡಿದು ನಿಂತಿದ್ದಾನೆ. ಬಂಕಿನವರು ಕೊಟ್ಟ ನೀಲಿ ಅಂಗಿ, ಪೂರ್ತಿ ನರೆತ ತಲೆ. ಮ್ಯಾನೇಜರ್ ಆಗಿದ್ದವನು.

"ಏನಪ್ಪಾ ನಾಗರಾಜ, ಚೆನ್ನಾಗಿದೀಯಾ?" ಎಂದು ಅವನೇ ಮಾತಾಡಿಸಿದ.

ನಾನು ಅಷ್ಟು ವರ್ಷ ನುಂಗಿಕೊಂಡಿದ್ದನ್ನು ಅಲ್ಲಿಯೇ, ಹಿಂದೆ ಎರಡು ಬೈಕು ಕಾಯುತ್ತಿರುವಾಗಲೇ ಕೇಳಿಬಿಟ್ಟೆ. "ಒಲೆ ಒಡೆದಿದೆ ಅಂತ ಅವತ್ತು ಒಂದು ಮಾತು ಹೇಳಬಾರದಿತ್ತಾ ಮಾರಾಯ?"

ಅವನಿಗೆ ಸಿಟ್ಟು ಬರಲಿಲ್ಲ. ಟ್ಯಾಂಕಿನ ಮುಚ್ಚಳ ತೆಗೆಯುತ್ತಾ ಹೇಳಿದ. "ಅಷ್ಟು ಜನದ ಮುಂದೆ ಹೇಳಕ್ಕಾಗ್ತಿತ್ತಾ? ಇವರ ಒಲೆ ಇವತ್ತೋ ನಾಳೆಯೋ ಬೀಳುತ್ತೆ ಅಂತ ಗೊತ್ತಾದ್ರೆ ನಮಗೆ ಆರ್ಡರ್ ಕೊಡೋರು ಯಾರು? ಮಾರನೇ ದಿನ ಎಲ್ಲ ನಿಮ್ಮ ಗೇಟಿಗೇ ಬರ್ತಿದ್ರು."

"ನನಗಾದ್ರೂ ಹೇಳಬಹುದಿತ್ತು."

"ನೀನು ಎರಡು ತಿಂಗಳು ಎದುರಿಗೇ ಕೂತಿದ್ದೆ ನಾಗರಾಜ. ಇವತ್ತು ಬರ್ತಾನೆ, ನಾಳೆ ಬರ್ತಾನೆ ಅಂತ ನಾನೂ ನೋಡ್ತಿದ್ದೆ. ರಸ್ತೆ ದಾಟಿ ಬಂದು ಏನೋ ಇದು ಹೊಗೆ ಅಂತ ಕೇಳಿದ್ರೆ, ಒಳಗೆ ಕರ್ಕೊಂಡು ಹೋಗಿ ತೋರಿಸ್ತಿದ್ದೆ."

ಕಣ್ಣು ತುಂಬಿಕೊಂಡಿತು. ಅವನ ತೋಳು ಹಿಡಿದುಕೊಂಡೆ. ಹಿಂದಿನ ಬೈಕಿನವನು ಹಾರ್ನ್ ಹೊಡೆದ. ಸೆಲ್ವರಾಜ್ ನಿಧಾನವಾಗಿ ತೋಳು ಬಿಡಿಸಿಕೊಂಡು, ಪೈಪನ್ನು ನನ್ನ ಟ್ಯಾಂಕಿಗಿಟ್ಟು, ಬಂಕಿಗೆ ಬರುವ ಪ್ರತಿಯೊಬ್ಬರಿಗೂ ಹೇಳುವ ಹಾಗೆ ಮೀಟರಿನ ಕಡೆ ಕೈ ತೋರಿಸಿದ.

"ಜೀರೋ ನೋಡ್ಕೊ."

"ಬೇಡ ಬಿಡೋ, ಹಾಕು" ಎಂದೆ.

"ಇಲ್ಲ ನಾಗರಾಜ, ನೋಡ್ಕೊ" ಎಂದು ಅವನು ಪೈಪ್ ಒತ್ತದೆ ಕಾಯುತ್ತಾ ನಿಂತ. ನಾನು ನೋಡುವವರೆಗೂ ಪೆಟ್ರೋಲ್ ಬಿಡಲಿಲ್ಲ.